ಬೆಳಗು ತರುವ ಸೈಕಲ್ಲಿಗೆ ಒಂದು ಹಬ್

ಬೆಳಗನ್ನು ಯಾರಾದರೂ ಹೋಗಿ ತರಬೇಕಾಗಿದ್ದ ಕಾಲದಲ್ಲಿ ಕೊನ್ನಾರವೆಂಬ ರಾಜ್ಯವಿತ್ತು. ಅಲ್ಲಿ ಸೂರ್ಯ ತಾನಾಗಿ ಬರುತ್ತಿರಲಿಲ್ಲ. ರಾಜನ ಸವಾರ ಬೊಮ್ಮಣ್ಣ ಅಜ್ಜನ ಕಾಲದ ಸೈಕಲ್ ತುಳಿದು ಮೂಡಲ ಬೆಟ್ಟಕ್ಕೆ ಹೋಗಿ, ಅಲ್ಲಿಯ ಕಿಡಿಯನ್ನು ಲಾಂದ್ರದಲ್ಲಿ ತಂದರೆ ಊರಿಗೆ ಬೆಳಕಾಗುತ್ತಿತ್ತು.

ಒಂದು ದಿನ ಬೊಮ್ಮಣ್ಣ ಇಳಿಜಾರಿನಲ್ಲಿ ಬಿದ್ದು ಸತ್ತ. ಊರವರು ಬರುವಷ್ಟರಲ್ಲಿ ಮಬ್ಬಯ್ಯನೆಂಬ ಮಾಂತ್ರಿಕ ಮುಂದಿನ ಗಾಲಿಯ ಹಬ್ ಕಿತ್ತುಕೊಂಡು ಹೋಗಿದ್ದ. ಹಬ್ ಎಂದರೆ ಗಾಲಿಯ ನಡುವೆ ಅಚ್ಚಿನ ಸುತ್ತ ತಿರುಗುವ ಗುಂಭ. ಕಡ್ಡಿಗಳೆಲ್ಲ ಅದನ್ನೇ ಹಿಡಿದು ನಿಲ್ಲುತ್ತವೆ. ಹೊಸ ಹಬ್ ಮಾಡುವ ಕುಲುಮೆಗಳು ಆ ರಾಜ್ಯದಲ್ಲಿ ಎಂದೋ ಆರಿದ್ದವು. ಹಳೆಯವೆಲ್ಲ ಮಬ್ಬಯ್ಯನ ಗುಹೆಯಲ್ಲಿದ್ದವು.

ಊರಿಗೆ ಮಬ್ಬು ಕವಿಯಿತು. ಹಸುಗಳು ಹಾಲು ಕೊಡಲಿಲ್ಲ. ಮಕ್ಕಳು ಬೆಳೆಯುವುದನ್ನು ನಿಲ್ಲಿಸಿದರು.

ರಾಜ ಬೊಮ್ಮಣ್ಣನ ಹೆಂಡತಿ ದೇವೀರಿಯ ಬಾಗಿಲಿಗೆ ಬಂದ. "ತಾಯಿ, ಗಾಲಿ ಕಟ್ಟೋದು ಇನ್ನು ನಿನಗೊಬ್ಬಳಿಗೇ ಗೊತ್ತು."

"ಕೈಗೆ ಗೊತ್ತು, ಮಹಾಸ್ವಾಮಿ. ಮನಸ್ಸು ಬರಬೇಕಲ್ಲ," ಎಂದಳು ದೇವೀರಿ. ಆದರೂ ಸೈಕಲ್ ಹೆಗಲಿಗೇರಿಸಿ ಹೊರಟಳು.

ಗುಹೆಯ ಬಾಗಿಲಲ್ಲಿ ಮಾತಾಡುವ ಕರಡಿ ಕೂತಿತ್ತು. "ಒಳಗೆ ಹೋದವರು ಯಾರೂ ಹೊರಗೆ ಬಂದಿಲ್ಲ. ಹಾಗಂತ ನಾನು ಯಾರನ್ನೂ ತಡೆದಿಲ್ಲ," ಎಂದಿತು.

ಒಳಗೆ ಗೋಡೆಯುದ್ದಕ್ಕೂ ಜನ ಕೂತಿದ್ದರು. ಪ್ರತಿಯೊಬ್ಬರೂ ಒಂದೊಂದು ಹಬ್ ಕಿವಿಗೆ ಹಿಡಿದು ಬೆರಳಲ್ಲಿ ತಿರುಗಿಸುತ್ತಿದ್ದರು. ಯಾರೂ ತಲೆಯೆತ್ತಲಿಲ್ಲ.

"ಬಾಮ್ಮ, ಬಾ," ಎಂದು ಮಬ್ಬಯ್ಯ ಮೂರು ಹಬ್ ತಂದಿಟ್ಟ. "ಒಂದನ್ನು ತಗೋ. ಒಂದೇ."

ಮೊದಲನೆಯದು ಬೆಳ್ಳಿಯದು. ಮುಟ್ಟಿದರೆ ಸಾಕು, ತಿರುಗುತ್ತಿತ್ತು.

"ಇದನ್ನು ಹಾಕಿಕೊಂಡರೆ ದುಃಖ ನೆನಪಾಗಲ್ಲ."

"ನಮ್ಮ ಯಜಮಾನರ ಮುಖ?"

"ಅದೂ ನೆನಪಾಗಲ್ಲ."

ದೇವೀರಿ ಅದನ್ನು ಕೆಳಗಿಟ್ಟಳು.

ಎರಡನೆಯದು ಬೊಮ್ಮಣ್ಣನದೇ. ತಿರುಗಿಸಿದಳು. "ದೇವೀರಿ, ಬಂದ್ಯಾ?" ಎಂದಿತು ಅವನ ದನಿ. ಅವಳಿಗೆ ಕೂತಲ್ಲೇ ಕಣ್ಣು ತುಂಬಿತು.

"ಬಂದೆ ರೀ."

"ಕಾಲು ನೋಯ್ತಾ?"

ಎಷ್ಟು ಹೊತ್ತು ತಿರುಗಿಸಿದಳೋ ಅವಳಿಗೇ ತಿಳಿಯದು. ಗೋಡೆಯ ಬಳಿ ಪಕ್ಕದವರು ಸರಿದು ಅವಳಿಗೂ ಜಾಗ ಮಾಡಿಕೊಟ್ಟರು. ಆಗ ಬೆರಳಿಗೆ ಏನೋ ಒರಟು ತಗುಲಿತು. ಒಳಗೆ ಗುಂಡುಗಳು ಓಡುವ ಬಟ್ಟಲು ಬಿರುಕು ಬಿಟ್ಟಿತ್ತು.

"ರೀ, ಇದು ಇಳಿಜಾರು ತಡೆಯುತ್ತಾ?" ಎಂದು ಕೇಳಿದಳು.

"ದೇವೀರಿ, ಬಂದ್ಯಾ?" ಎಂದಿತು ದನಿ.

ಗಾಲಿಯ ವಿಷಯ ಕೇಳಿದರೆ ಬೊಮ್ಮಣ್ಣ ಊಟದ ಕೈಯಲ್ಲೇ ಎದ್ದು ಬಂದು ನೋಡುತ್ತಿದ್ದ. ದೇವೀರಿ ಮತ್ತೊಮ್ಮೆ ಕೇಳಿದಳು. ಮತ್ತೆ ಅದೇ ಮಾತು. ಅವಳು ಹಬ್ ನಿಲ್ಲಿಸಿ, ಸೆರಗಿನಿಂದ ಒರೆಸಿ, ಮಲಗಿದ ಮಗುವನ್ನು ಇಳಿಸುವಂತೆ ಕೆಳಗಿಟ್ಟಳು.

ಮೂರನೆಯದು ತುಕ್ಕು ಹಿಡಿದ ಕಬ್ಬಿಣದ್ದು. "ಇದು ಯಾರದು?"

"ಯಾರದೂ ಅಲ್ಲ. ಕೇಳುವವರಿಲ್ಲದೆ ಬಿದ್ದಿತ್ತು."

ಬಟ್ಟಲು ನುಣುಪಾಗಿತ್ತು. ಗುಂಡುಗಳು ಸರಿಯಾಗಿದ್ದವು. ಅಚ್ಚು ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಡಿತು.

ಮಬ್ಬಯ್ಯ ನಕ್ಕ. "ಸಡಿಲ ಇದೆಯಲ್ಲಮ್ಮ! ಗಂಡ ಇಷ್ಟೇನಾ ಕಲಿಸಿದ್ದು?"

"ಇಷ್ಟು ಸಡಿಲ ಇರಬೇಕು. ನಟ್ ಬಿಗಿದರೆ ಸರಿಹೋಗುತ್ತೆ. ಈಗಲೇ ಬಿಗಿಯಾಗಿದ್ದರೆ ಆಮೇಲೆ ತಿರುಗೋದೇ ಇಲ್ಲ."

"ಅದರಲ್ಲಿ ಅವನ ದನಿ ಇಲ್ಲ," ಎಂದ ಮಬ್ಬಯ್ಯ ಮೆಲ್ಲಗೆ.

"ಗೊತ್ತು," ಎಂದಳು ದೇವೀರಿ. ಅಲ್ಲೇ ಕೂತು ಒಂದೊಂದೇ ಕಡ್ಡಿ ಪೋಣಿಸಿ ಗಾಲಿ ಕಟ್ಟಿದಳು. ಕಟ್ಟುವಾಗ ಅತ್ತಳು. ಆದರೆ ಕೈ ತಪ್ಪಲಿಲ್ಲ.

ಮೂಡಲ ಬೆಟ್ಟಕ್ಕೆ ತುಳಿದು ಹೋಗಿ ಲಾಂದ್ರ ಹೊತ್ತಿಸಿದಳು. ಬೊಮ್ಮಣ್ಣ ಬಿದ್ದ ಇಳಿಜಾರು ಬಂದಾಗ ಕಣ್ಣು ಮುಚ್ಚಲಿಲ್ಲ. ಗಾಲಿ ನೆಟ್ಟಗೆ ಇಳಿಯಿತು. ಮಬ್ಬಯ್ಯನ ಗುಹೆಯಿಂದಲೇ ಹೋದ ಹಬ್ ತಂದ ಬೆಳಕು ಮೊದಲ ಸಲ ಗುಹೆಯೊಳಗೆ ಬಿದ್ದೊಡನೆ ಅವನು ಇಬ್ಬನಿಯಂತೆ ಕರಗಿಹೋದ. ದನಿಗಳೆಲ್ಲ ನಿಂತವು. ಗೋಡೆಯ ಬಳಿ ಕೂತಿದ್ದ ಒಬ್ಬ ಮುದುಕಿ ಕಣ್ಣುಜ್ಜಿಕೊಂಡು, "ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದ್ದೆನಲ್ಲ!" ಎಂದು ಎದ್ದು ಓಡಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಮನೆಗೆ ಹೋದರು.

ಹಸುಗಳು ಹಾಲು ಕೊಟ್ಟವು, ಮಕ್ಕಳ ಅಂಗಿಗಳು ಗಿಡ್ಡವಾದವು, ಕೊನ್ನಾರದವರು ನೂರ್ಕಾಲ ತಣ್ಣಗೆ ಬಾಳಿದರು. ದೇವೀರಿಯೂ ಬಾಳಿದಳು. ದಿನವೂ ಬೆಳಗು ತರಲು ಹೋಗುವಾಗ ದಾರಿಯುದ್ದಕ್ಕೂ ಊರಿನ ಸುದ್ದಿ ಹೇಳುತ್ತಿದ್ದಳು: "ಕುಂಬಾರರ ಮನೇಲಿ ಹೆಣ್ಣು ಮಗು ಆಯ್ತು ರೀ. ಕೆರೆ ತುಂಬಿದೆ ರೀ." ಗಾಲಿ ಸದ್ದಿಲ್ಲದೆ ತಿರುಗುತ್ತಿತ್ತು. ಉತ್ತರಕ್ಕೆಂದು ಅವಳು ಎಲ್ಲಿಯೂ ನಿಲ್ಲುತ್ತಿರಲಿಲ್ಲ.