ಸೂಗಮ್ಮನ ಬಹಿಷ್ಕಾರ

ಎಲ್ಲರ ಕೈ ಮೇಲೆದ್ದವು, ನಾಗನಾಥನದೊಂದು ಬಿಟ್ಟು.

ಹುಮನಾಬಾದಿನಿಂದ ಬಂದ ಬಸ್ಸಿಳಿದು ನೇರ ಸಭೆಗೆ ಬಂದಿದ್ದ ಅವನು, ತಬಲಾದ ಗಂಟಿನ ಮೇಲೆ ಕೈ ಮಡಚಿಕೊಂಡು ಸುಮ್ಮನೆ ಕೂತಿದ್ದ. ಎದುರಿನ ಜಮಖಾನೆಯಿಂದ ಸೂಗಮ್ಮ ಆ ಕೈಗಳನ್ನೇ ನೋಡಿದಳು. ಎರಡು ವರ್ಷದಿಂದ ತನ್ನ ಹಾಡಿನ ಜೊತೆಗೇ ನಡೆದು ಬಂದ ಕೈಗಳು. ಇವತ್ತು ಅವಕ್ಕೇನಾಯಿತು?

ಬಸವಕಲ್ಯಾಣದ ಕಲಾವಿದರ ಸಂಘ ಅಂದು ಸೇರಿದ್ದೇ ಅವಳ ಸಲುವಾಗಿ. ಅರವತ್ತೇಳನೇ ಇಸವಿ. ಯಾವ ಊರು ಯಾವ ರಾಜ್ಯಕ್ಕೆ ಸೇರಬೇಕೆಂದು ಗಡಿಯ ಎರಡೂ ಕಡೆ ಗದ್ದಲ ಎದ್ದಿತ್ತು. ಗಡಿಯಾಚೆಯ ಊರೊಂದರ ಸಂಗೀತ ಸಭೆ ಸೂಗಮ್ಮನನ್ನು ಕರೆಸಿಕೊಂಡು, ಅವಳ ಮರಾಠಿ ಅಭಂಗಕ್ಕೆಲ್ಲ ತಲೆದೂಗಿ, ವಚನ ಎತ್ತಿಕೊಂಡ ಕೂಡಲೇ ಮೈಕು ಬಂದ್ ಮಾಡಿಸಿತ್ತು. ಕನ್ನಡ ಸಾಕು, ಇಳಿಯಿರಿ ಎಂದಿದ್ದ ಆ ಸಭೆಯ ಅಧ್ಯಕ್ಷ. ಅವಳು ವೇದಿಕೆ ಇಳಿದಾಗ ನಾಗನಾಥನೂ ತಬಲಾ ಕಟ್ಟಿಕೊಂಡು ಇಳಿದಿದ್ದ.

ಈಗ ಸಂಘದ ಅಧ್ಯಕ್ಷ ಮಡೆಪ್ಪ, ಅವಳನ್ನು ಸಾಕಿ ಬೆಳೆಸಿದ ಕಾಕಾ, ಫೈಸಲಾ ಹೇಳಿದ. ಆ ಸಂಗೀತ ಸಭೆಯವರು ಮಾಫಿ ಕೇಳುವ ತನಕ ಆ ಊರಿಗೆ ಯಾರೂ ಹಾಡಲು, ನುಡಿಸಲು ಹೋಗಕೂಡದು. ಈ ಬಹಿಷ್ಕಾರ ಬೇಕೆಂದು ಮೊದಲು ಪಟ್ಟು ಹಿಡಿದವಳು ಸೂಗಮ್ಮನೇ.

ಸಭೆ ಮುಗಿದ ಮೇಲೆ, ಮೆಟ್ಟಿಲ ಮೇಲೆ ಅವಳು ನಾಗನಾಥನನ್ನು ತಡೆದಳು.

"ಅವತ್ತ ನನ್ನ ಜೋಡಿ ಎದ್ದು ಬಂದ್ರಿ. ಇವತ್ತ ಕೈ ಯಾಕ ಎತ್ತಲಿಲ್ಲ?"

"ಆ ವೇದಿಕಿ ನಾ ಮತ್ತ ಏರಂಗಿಲ್ರಿ. ಆದ್ರ ನಮ್ಮ ಗುರುಗಳು ತುಳಜಾರಾಮ ಬುವಾ ಅದೇ ಊರಾಗ ಅದಾರ. ಬರೂ ಸೋಮವಾರ ಅವರಿಗೆ ಎಪ್ಪತ್ತೈದು ತುಂಬತಾವ. ಅವರ ಅಂಗಳದಾಗ ನುಡಿಸಬೇಕು."

"ಬೇಇಜ್ಜತಿ ಮಾಡಿದ್ರೂ ಈ ಮಂದಿ ಬರ್ತಾರ ಅಂತ ಆ ಊರು ನಗತದ."

"ಬುವಾ ನಿಮಗ ಏನಂದಾರ?"

"ಏನೂ ಅಂದಿಲ್ಲ. ಮೈಕು ಬಂದ್ ಮಾಡಿಸಿದ್ದು ತಪ್ಪು ಅಂತ ಅವರೂ ಅನ್ನಲಿಲ್ಲ, ಊರಾಗ ಮತ್ಯಾರೂ ಅನ್ನಲಿಲ್ಲ. ಅದಕ್ಕೇ ನನಗ ಸಿಟ್ಟು!"

ನಾಗನಾಥ ಅವಳ ಮುಖವನ್ನೇ ನೋಡಿದ. ಅವನ ತುಟಿಯಂಚು ಸಣ್ಣಗೆ ಮೇಲೇರಿತು. "ಸಿಟ್ಟು ಬಂದ್ರ ನಿಮ್ಮ ಲಯ ಓಡತದ್ರಿ."

"ಹಿಡಿದು ನಿಲ್ಲಸಾಕ ನೀವಿದ್ದೀರಲ್ಲ."

ಆಡಿದ ಮೇಲೆ ಮಾತಿನ ಅರ್ಥ ಅವಳಿಗೇ ತಟ್ಟಿತು. ಸೆರಗು ಸರಿಮಾಡುವ ನೆವದಲ್ಲಿ ಮುಖ ತಿರುಗಿಸಿದಳು. ಅವನು ಒಂದು ಮೆಟ್ಟಿಲು ಇಳಿದ.

"ಹೋಗಬ್ಯಾಡ್ರಿ," ಎಂದಳು, ಈಗ ಮೆಲ್ಲಗೆ.

"ಹೋಗತೀನಿ, ಸೂಗಮ್ಮ."

ಹೋದ.

ಅವನಿಲ್ಲದ ರಿಯಾಜಿಗೆ ಮಡೆಪ್ಪ ಬೇರೆ ತಬಲಜಿಯನ್ನು ಕರೆಸಿದ. ಆತನ ಕೈಯಲ್ಲಿ ತಪ್ಪೇನಿರಲಿಲ್ಲ. ಆದರೆ ಅವಳು ಉಸಿರು ತೆಗೆದುಕೊಳ್ಳುವುದು ಎಲ್ಲಿ ಎಂದು ಆತನಿಗೆ ಗೊತ್ತಿರಲಿಲ್ಲ. ನಾಗನಾಥ ಅಲ್ಲಿ ಎಡಗೈಯ ಡಗ್ಗಾದ ದನಿ ತಗ್ಗಿಸಿ ಕಾಯುತ್ತಿದ್ದ. ಕಾಯುವಾಗ ಒಮ್ಮೆ ಕಣ್ಣೆತ್ತಿ ನೋಡುತ್ತಿದ್ದ. ಆ ನೋಟವಿಲ್ಲದ ಹಾಡು ಅವಳಿಗೆ ಪೂರಾ ಅನ್ನಿಸಲಿಲ್ಲ. ಅವನ ಮೇಲಿನ ಸಿಟ್ಟೂ ಇಳಿಯಲಿಲ್ಲ.

ನಾಗನಾಥ ಬುವಾರ ಅಂಗಳದಲ್ಲಿ ನುಡಿಸಿದ ಸುದ್ದಿ ಬಸವಕಲ್ಯಾಣ ಮುಟ್ಟಲು ತಡವಾಗಲಿಲ್ಲ. ಮಡೆಪ್ಪ ಮತ್ತೆ ಸಂಘ ಕರೆದ. ನಾಗನಾಥನೂ ಬಂದ.

"ಮಾಫಿ ಕೇಳು, ಮುಗಿಸೂಣು," ಎಂದ ಮಡೆಪ್ಪ.

"ಇಲ್ರಿ ಕಾಕಾ. ಗುರುವಿನ ಮನಿಗೆ ಹೋಗಿದ್ದಕ್ಕ ಮಾಫಿ ಹ್ಯಾಂಗ ಕೇಳಲಿ? ಮೈಕು ಬಂದ್ ಮಾಡಿಸಿದವರೂ ಅಲ್ಲಿ ಬಂದಿದ್ರು. ನಮ್ಮ ಸಭಾದಾಗೂ ನುಡಸ್ರಿ ಅಂದ್ರು. ಸೂಗಮ್ಮಗ ಮಾಫಿ ಕೇಳ್ರಿ, ಅವರು ಹಾಡಾಕ ಬಂದ್ರ ಹಿಂದ ನಾನೂ ಬರತೀನಿ ಅಂತ ಎಲ್ಲರ ಮುಂದ ಹೇಳೀನಿ."

ಸೂಗಮ್ಮ ತಲೆಯೆತ್ತಿ ಅವನತ್ತ ನೋಡಿದಳು. ಮಡೆಪ್ಪ ಮಾತ್ರ ಕರಗಲಿಲ್ಲ.

"ಹೋಗಬಾರದು ಅಂದಿದ್ವಿ, ಹೋಗೀದಿ. ಇನ್ನ ಮ್ಯಾಲೆ ಇವನ ಜೋಡಿ ಯಾರೂ ಹಾಡಬಾರದು, ಇವನ್ನ ಯಾರೂ ಕರೀಬಾರದು. ಒಪ್ಪಿದವರು ಕೈ ಎತ್ತರಿ."

ಕೈಗಳು ಏಳತೊಡಗಿದವು. ಸೂಗಮ್ಮ ಎದ್ದು ನಿಂತಳು.

"ಕಾಕಾ, ಆ ಸಭಾದವರು ಮಾಫಿ ಕೇಳೂ ತನಕ ನಾ ಆ ಊರಾಗ ಹಾಡಂಗಿಲ್ಲ. ಅವರು ಎಷ್ಟು ದೊಡ್ಡ ಶಾಲು ಹಿಡಕೊಂಡು ಬಂದ್ರೂ ಹಾಡಂಗಿಲ್ಲ. ಆದ್ರ ನಡುವ ಹಾಡು ನಿಲ್ಲಿಸಿದ್ರ ಮೈ ಹ್ಯಾಂಗ ಉರೀತದ ಅಂತ ನನಗ ಗೊತ್ತದ. ತಬಲಾ ನುಡಸೂ ನಮ್ಮವರ ಕೈ ನಾ ಹಂಗ ನಿಲ್ಲಸಂಗಿಲ್ಲ."

"ಹಂಗಾದ್ರ ಸಂಘ ಬಿಡತೀ ಏನು?"

"ಬಿಡಂಗಿಲ್ಲ. ನೀವು ಹೊರಗ ಹಾಕಿದ್ರ ಕೆಳಗ ಕಟ್ಟಿ ಮ್ಯಾಲ ಕುಂತು ಹಾಡತೀನಿ. ತಬಲಾ ಇವರೇ ನುಡಸ್ತಾರ."

ಕೇಳದೆಯೇ ಹೇಳಿಬಿಟ್ಟಿದ್ದಳು. ನಾಗನಾಥ ತಲೆ ತಗ್ಗಿಸಿದ. ಕಿವಿ ಮಾತ್ರ ಕೆಂಪಾಗಿತ್ತು.

ಕೆಲವು ಕೈ ಇಳಿದವು, ಕೆಲವು ಇಳಿಯಲಿಲ್ಲ. ಮಡೆಪ್ಪ ಅವಳನ್ನು ದಿಟ್ಟಿಸಿ, ಎಣಿಸುವ ಗೋಜಿಗೆ ಹೋಗದೆ ಸಭೆ ಮುಗಿಸಿದ.

ಬಸ್ ನಿಲ್ದಾಣದಲ್ಲಿ ಹುಮನಾಬಾದಿನ ಬಸ್ಸು ಗುರುಗುಡುತ್ತ ನಿಂತಿತ್ತು. ಸೂಗಮ್ಮ ಅಲ್ಲಿಯ ತನಕ ಬಂದಿದ್ದಳು, ಯಾರ ಕಣ್ಣಿಗೂ ಹೆದರದೆ.

"ಅಂದ್ರ ನನ್ನ ಮಾತಿಗೆ ಒಪ್ಪಿದ್ರಿ?" ಎಂದ ನಾಗನಾಥ.

"ಇಲ್ಲ. ನೀವು ಹೋಗಬಾರದಿತ್ತು. ಈಗೂ ಅದೇ ಅಂತೀನಿ."

"ಬುವಾ ಕರೆದ್ರ ಮತ್ತ ಹೋಗತೀನ್ರಿ."

"ಹೋಗ್ರಿ. ಬಂದ ಮ್ಯಾಲೆ ಮತ್ತ ಜಗಳಾಡತೀನಿ."

"ಜಗಳಾಡಾಕ ದಿನಾ ಬಸ್ ಹಿಡಿದು ಬರಬೇಕೇನ್ರಿ?"

ಅವನು ಇಷ್ಟು ಹತ್ತಿರ ನಿಂತು ಮಾತಾಡಿದ್ದು ಇದೇ ಮೊದಲು. ಅವಳು ಕಣ್ಣು ತಗ್ಗಿಸಲಿಲ್ಲ.

"ಅದನ್ನ ಕಾಕಾಗ ಕೇಳ್ರಿ."

"ಕಾಕಾ ನನ್ನ ಮ್ಯಾಲೆ ಉರಿಯಾಕತ್ತಾರ. ಏನಂತ ಕೇಳಲಿ?"

"ಸೂಗಮ್ಮ ನನ್ನ ಮಾತು ಒಪ್ಪಿಲ್ಲ, ನನ್ನನ್ನ ಒಪ್ಯಾಳ, ಅನ್ರಿ."

ಕಂಡಕ್ಟರ್ ಹುಮನಾಬಾದ್, ಹುಮನಾಬಾದ್ ಎಂದು ಕೂಗಿದ. ನಾಗನಾಥ ಅತ್ತ ತಿರುಗಿಯೂ ನೋಡಲಿಲ್ಲ. ತಬಲಾದ ಗಂಟನ್ನು ಹೆಗಲಿಗೇರಿಸಿ ಮಡೆಪ್ಪನ ಮನೆಯ ದಾರಿ ಹಿಡಿದ. ಸೂಗಮ್ಮ ಅವನ ಪಕ್ಕದಲ್ಲೇ ನಡೆದಳು, ಒಂದು ಹೆಜ್ಜೆಯೂ ಹಿಂದೆ ಉಳಿಯದೆ.