ದಾರವಿಲ್ಲದ ಹೊಲಿಗೆ

“ಇದು ನಿಮ್ಮಮ್ಮ ಹೊಲಿದದ್ದು,” ಎಂದರು ಸೋಮಮ್ಮ ಟೀಚರ್. ಮಂಗಳಗೌರಿ ತಂದಿದ್ದ ದಿಂಬಿನ ಚೀಲವನ್ನು ಎರಡೇ ಬೆರಳಲ್ಲಿ ಎತ್ತಿ, ಸತ್ತ ಇಲಿ ತೋರಿಸುವಂತೆ ಇಡೀ ಐದನೇ ಕ್ಲಾಸಿಗೆ ತೋರಿಸಿದರು.

“ನಾನೇ ಹೊಲ್ದಿದ್ದು ಟೀಚರ್!”

“ಮೂಲೆ ನೋಡು, ಮೂಲೆ! ಹತ್ತು ವರ್ಷದವಳ ಹೊಲಿಗೆ ಹೀಗಿರುತ್ತೇನೇ? ನಾಳೆ ನಿನ್ನ ಕೈಯಾರೆ ಹೊಲಿದದ್ದು ತಾ. ಇಲ್ಲದಿದ್ದರೆ ಚಾಮರಾಜನಗರದ ಎಕ್ಸಿಬಿಷನ್ನಿಗೆ ನಿನ್ನದು ಹೋಗೋಲ್ಲ.”

ಹಿಂದಿನ ಬೆಂಚಿನ ಚಾಮುಂಡಿ ಕಿಸಕ್ಕೆಂದಳು. “ನಿಮ್ಮವ್ವನ್ ಹೆಸ್ರೇ ಬರ್ದು ಕಳ್ಸಮ್ಮಿ!”

ಗೌರಿಯ ಕಿವಿ ಕಾದ ಹೆಂಚಾಯಿತು. ಗುಂಡ್ಲುಪೇಟೆಯ ಬೀದಿಯುದ್ದಕ್ಕೂ ಕಂಡ ಕಲ್ಲನ್ನೆಲ್ಲ ಒದೆಯುತ್ತ ಮನೆಗೆ ಬಂದಳು. ಕಲ್ಲುಗಳೇನೂ ಅವಳಿಗೆ ಅನ್ಯಾಯ ಮಾಡಿರಲಿಲ್ಲ.

ಮೂರು ತಿಂಗಳು! ಮನೆಯ ಹೊಲಿಗೆಯ ಕೈಮಿಷನ್ನನ್ನು ಮುಟ್ಟಲು ಅವ್ವ ಚಿಕ್ಕಮಲ್ಲಮ್ಮ ಬಿಟ್ಟದ್ದೇ ಒಂದು ಕರಾರಿನ ಮೇಲೆ: ಮೊದಲು ದಾರ ಪೋಣಿಸದೆ, ಕಾಗದದ ಮೇಲೆ. ಎಲೆ ಹಾಕಿ ಅನ್ನ ಬಡಿಸದ ಹಾಗೆ ಅದು. ಆದರೂ ಗೌರಿ ಹಳೆಯ ನೋಟ್‌ಬುಕ್ಕಿನ ಹಾಳೆ ಕಿತ್ತು, ಬಲಗೈಯಲ್ಲಿ ಹಿಡಿ ತಿರುಗಿಸುತ್ತ, ಎಡಗೈಯಲ್ಲಿ ಹಾಳೆ ನಡೆಸುತ್ತ, ಗೆರೆಯ ಮೇಲೇ ತೂತು ಬೀಳುವಂತೆ ಸೂಜಿ ಓಡಿಸಿದ್ದಳು. ಆಮೇಲೇ ಬಟ್ಟೆ, ಆಮೇಲೇ ದಾರ.

ಈಗ ಇನ್ನೊಂದು ತುಂಡು ಬಟ್ಟೆ ಎಳೆದುಕೊಂಡು ಮಿಷನ್ನಿನ ಮುಂದೆ ಕೂತಳು. ಹಿಡಿ ಗರಗರ ತಿರುಗಿತು. ಬಟ್ಟೆ ಸಾಕಷ್ಟು ಬೇಗ ಹೋಗುತ್ತಿಲ್ಲ ಅನ್ನಿಸಿ ಹಿಂದಿನಿಂದ ಎಳೆದಳು. ಹೊಲಿಗೆ ಸುಕ್ಕುಗಟ್ಟಿತು. ಇನ್ನಷ್ಟು ಎಳೆದಳು.

ಟಕ್! ಸೂಜಿ ಮುರಿಯಿತು.

“ಬಟ್ಟೆ ಯಾಕಮ್ಮಿ ಎಳೀತೀಯ?” ಅವ್ವ ಒಳಗಿನಿಂದ ಬಂದಳು. “ಸೂಜಿ ಅಡೀಲಿರೋ ಮಿಷನ್ ಹಲ್ಲು ತಾನೇ ಬಟ್ಟೆ ಎಳ್ಕಂಡು ಓಯ್ತದೆ. ನೀನೂ ಎಳುದ್ರೆ ಸೂಜಿ ಯಾರ ಮಾತು ಕೇಳ್ಬೇಕು?”

“ಟೀಚರ್ ನನ್ನ ಸುಳ್ಳಿ ಮಾಡ್ಬುಟ್ರು! ನೀನು ಹೊಲ್ಕೊಟ್ಟೆಯಂತೆ!”

ಅವ್ವ ಸೊಟ್ಟ ಹೊಲಿಗೆಯನ್ನು ಎತ್ತಿ ನೋಡಿದಳು. “ಇದ್ನೇ ತಕಂಡೋಗು ಬುಡು. ಅವ್ರು ಕೇಳಿದ್ದು ಇಂಥದ್ದೇ ಅಲ್ವಾ?”

“ಇದು ನಂದಲ್ಲ!”

“ಇನ್ಯಾರ್ದು ಕಣಮ್ಮಿ?”

“ನಂದೇ! ಆದ್ರೆ ನಂದಲ್ಲ!” ಗೌರಿ ಕಾಲು ಅಪ್ಪಳಿಸಿದಳು. ಅವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅದಂತೂ ಸಹಿಸಲಸಾಧ್ಯ. ಗೌರಿ ಮುಖ ತಿರುಗಿಸಿದಳು. ಅಡುಗೆಮನೆಯ ಮೂಲೆಯಲ್ಲಿ, ಒಲೆ ಹಚ್ಚಲೆಂದು ಇಟ್ಟಿದ್ದ ತೂತಿನ ಹಾಳೆಗಳ ಕಟ್ಟು ಕಣ್ಣಿಗೆ ಬಿತ್ತು.

ಮರುದಿನ ಆ ಕಟ್ಟನ್ನು ಟೀಚರ ಮೇಜಿನ ಮೇಲೆ ಧೊಪ್ಪೆಂದು ಹಾಕಿದಳು. “ನೋಡಿ!” ಎಂದಳು. ಕೊಂಚ ತಡೆದು, “ಟೀಚರ್,” ಎಂದು ಸೇರಿಸಿದಳು.

ಸೋಮಮ್ಮ ಟೀಚರ್ ಒಂದೊಂದೇ ಹಾಳೆ ತಿರುವಿದರು. ಮೊದಲನೆಯದರಲ್ಲಿ ತೂತುಗಳು ಸಂತೆಯಲ್ಲಿ ತಪ್ಪಿಸಿಕೊಂಡ ಕುರಿಯಂತೆ ಅಲೆದಿದ್ದವು. ಹತ್ತನೆಯದರಲ್ಲಿ ಗೆರೆಯ ಹತ್ತಿರ ಸುಳಿದಿದ್ದವು. ಕೊನೆಯ ಹಾಳೆಯನ್ನು ಕಿಟಕಿಗೆ ಹಿಡಿದರು. ಬೆಳಕಿನ ಚುಕ್ಕಿಗಳು ನೆಟ್ಟಗೆ ಬಂದು, ಮೂಲೆಯಲ್ಲಿ ಚೌಕವಾಗಿ ತಿರುಗಿ, ಮತ್ತೆ ನೆಟ್ಟಗೆ ಹೋಗಿದ್ದವು.

ಗೌರಿ ದಾರಿಯಲ್ಲಿ ಮೂರು ಮಾತು ತಯಾರು ಮಾಡಿಕೊಂಡು ಬಂದಿದ್ದಳು. ಮೂರನೆಯದು ದೊಡ್ಡವರಿಗೆ ಆಡುವ ಮಾತಲ್ಲ.

ಆಟದ ಗಂಟೆ ಹೊಡೆಯಿತು. ಎಲ್ಲರೂ ಹೊರಗೆ ಓಡಿದ ಮೇಲೆ ಟೀಚರ್ ಬಾಗಿಲ ಕಡೆ ಒಮ್ಮೆ ನೋಡಿ, ತಮ್ಮ ಕೈಚೀಲದಿಂದ ಏನೋ ತೆಗೆದರು. ಅದೂ ದಿಂಬಿನ ಚೀಲವೇ. ಅದರ ಮೂಲೆ ಮುದ್ದೆಯಾಗಿ, ದಾರ ಗಂಟಾಗಿ ಕೂತಿತ್ತು.

“ನಾನೇ ಹೊಲಿದದ್ದು,” ಎಂದರು, ತೀರ ಮೆಲ್ಲಗೆ. “ನಾಲ್ಕನೇ ಸಲ. ನೀನು ಮೂಲೆ ಹೇಗೆ ತಿರುಗಿಸಿದೆ?”

ಗೌರಿ ಆ ಸುಕ್ಕುಗಳನ್ನು ನೋಡಿದಳು. ನೆನ್ನೆ ತಾನು ಹೊಲಿದಿದ್ದ ಸುಕ್ಕುಗಳೇ ಅವು. ಮೂರನೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ನಿಂತಿತು.

“ಮೂಲೇಲಿ ಸೂಜಿ ಬಟ್ಟೆ ಒಳಗೇ ಇರ್ಲಿ ಟೀಚರ್. ಬಟ್ಟೆ ಒತ್ತಿ ಹಿಡಿಯೋ ಕಾಲು ಮಾತ್ರ ಎತ್ತಿ, ಬಟ್ಟೆ ತಿರುಗ್ಸಿ, ಮತ್ತೆ ಕಾಲು ಇಳ್ಸಿ.” ಸುಕ್ಕಿನ ಮೇಲೆ ಬೆರಳಿಟ್ಟು ಹೇಳಿದಳು, “ಆಮೇಲೆ... ಎಳೀಬೇಡಿ. ಅದೇ ಹೋಗ್ತದೆ.”

ಟೀಚರ್ ನೆನ್ನೆಯಿಂದ ತಮ್ಮ ಬಳಿಯೇ ಇದ್ದ ಗೌರಿಯ ದಿಂಬಿನ ಚೀಲವನ್ನು ಮಡಿಸಿ, ಎಕ್ಸಿಬಿಷನ್ನಿಗೆ ಕಳಿಸುವ ಕಟ್ಟಿನ ಮೇಲೆ ಇಟ್ಟರು. ತಮ್ಮದನ್ನು ಅವಸರದಲ್ಲಿ ಮುಚ್ಚಿಡಲು ಹೋದರು.

“ಕೊಡಿ ಟೀಚರ್.”

ಗೌರಿ ಅದನ್ನು ತೊಡೆಯ ಮೇಲೆ ಹರಡಿಕೊಂಡು, ಗಂಟು ಬಿದ್ದ ದಾರದ ತುದಿ ಹುಡುಕತೊಡಗಿದಳು.