ಸೇರಿಸಿದ ಮೂವತ್ತೆಂಟು ಸಾಲು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ವಿಶ್ವವಿದ್ಯಾಲಯದ ಪ್ರೊಫೆಸರರು ಠಾಣೆಗೆ ಬಂದರು.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಏನೂ ಕಳುವಾಗಿಲ್ಲ. ಸೇರಿಸಿದ್ದಾರೆ."

ಮಾಲು ಹೋಯಿತೆಂದು ಅತ್ತವರನ್ನು ಇನ್ಸ್‌ಪೆಕ್ಟರ್ ಹತ್ತೊಂಬತ್ತು ವರ್ಷ ಕಂಡಿದ್ದರು. ಹೆಚ್ಚಾಯಿತೆಂದು ದೂರು ತಂದವರು ಇವರೇ ಮೊದಲು. ದೂರು ಬರೆದುಕೊಳ್ಳುವ ರೈಟರು ಪೆನ್ನು ಕೆಳಗಿಟ್ಟು ಕಿವಿ ಕೆರೆದುಕೊಂಡರು.

ವಿಷಯ ಇಷ್ಟು. ಗಣಿತದವರು, ಕಂಪ್ಯೂಟರಿನವರು, ರಸಾಯನಶಾಸ್ತ್ರದವರು, ವೈದ್ಯರು ಎಲ್ಲ ಒಟ್ಟಿಗೆ ಕೂತ ಐದು ದಿನದ ಕಾರ್ಯಾಗಾರ. ನಲ್ಲಿ ನೀರಿನ ಎರಡು ಸಾವಿರ ಪರೀಕ್ಷೆಗಳ ದತ್ತಾಂಶ ಹಿಡಿದು, ಯಾವ ಬೀದಿಯ ಪೈಪು ಮೊದಲು ಬದಲಿಸಬೇಕೆಂಬ ನಕ್ಷೆ ತಯಾರಾಗುತ್ತಿತ್ತು. ಬುಧವಾರ ಅದು ನಗರಸಭೆಯ ಕೈಸೇರಬೇಕು. ಸೋಮವಾರ ಎಲ್ಲರೂ ಊಟಕ್ಕೆ ಹೋದಾಗ, 1.12ರಿಂದ 1.50ರೊಳಗೆ, ಯಾರೋ ಮೂವತ್ತೆಂಟು ಸಾಲು ಸೇರಿಸಿದ್ದರು. ನಕ್ಷೆಯಲ್ಲಿ ಹಸಿರಾಗಿದ್ದ ಒಂದು ಓಣಿ, ಮೊದಲು ಬದಲಿಸಬೇಕಾದವುಗಳ ಸಾಲಿನಲ್ಲಿ ಕೆಂಪಗೆ ಕೂತಿತ್ತು.

10.50ಕ್ಕೆ ಎಫ್‌ಐಆರ್ ಆಯಿತು. 11.30ಕ್ಕೆ ಇನ್ಸ್‌ಪೆಕ್ಟರ್, ರೈಟರು ಸಭಾಂಗಣ ತಲುಪಿದರು. ಸಾಕ್ಷಿಗೆ ಪಂಚರಾಗಿ ಗ್ರಂಥಪಾಲಕಿಯನ್ನೂ ಕಾರ್ಯಾಗಾರಕ್ಕೆ ಬಂದಿದ್ದ ನಗರಸಭೆಯ ನೀರಿನ ಎಂಜಿನಿಯರನ್ನೂ ಕರೆದರು.

"ಇಲ್ಲಿಯವರು ಮೂವತ್ತೆಂಟು ಸಾಲು ಸೇರಿಸೋಕೆ ಎಷ್ಟು ಹೊತ್ತು ಬೇಕು?"

"ಒಂದು ನಿಮಿಷ," ಎಂದರು ಪ್ರೊಫೆಸರ್.

ಇಲ್ಲಿ ಹಿಡಿದದ್ದು ಮೂವತ್ತೆಂಟು ನಿಮಿಷ. ಸಾಲಿಗೊಂದು ನಿಮಿಷ ತೆಗೆದುಕೊಂಡವರು ಕಂಪ್ಯೂಟರಿನವರಲ್ಲ, ಒಂದೇ ಬೆರಳಲ್ಲಿ ಕುಟ್ಟಿದವರು. ಇನ್ಸ್‌ಪೆಕ್ಟರ್ ಪರದೆಗೆ ಮುಖ ತಂದರು. ಎರಡು ಸಾವಿರ ಸಾಲುಗಳಲ್ಲೂ ಷರಾ ಕಾಲಂ ಖಾಲಿ. ಈ ಮೂವತ್ತೆಂಟರಲ್ಲಿ ಮಾತ್ರ ಭರ್ತಿ: 'ಬೆಳಿಗ್ಗೆ 5.40. ಮೊದಲ ನೀರು, ಚೆಲ್ಲದೆ ಹಿಡಿದದ್ದು.'

"ಈ ಅಂಕಿಗಳು ಸುಳ್ಳಾ?"

"ಅಸಹಜ. ಸೀಸದ ಪ್ರಮಾಣ ಮಿತಿಗಿಂತ ಏಳು ಪಟ್ಟು ತೋರಿಸ್ತವೆ. ದತ್ತಾಂಶ ಶುದ್ಧ ಮಾಡುವಾಗ ತೆಗೆದಿದ್ವಿ."

"ಅಂದ್ರೆ ಮೊದಲು ಇದ್ದವು?"

ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು.

ನೀರು ಹಿಡಿಯುವವರು ಯಾರೆಂದು ಕೇಳಿದ್ದಕ್ಕೆ ಎಲ್ಲರೂ ರಸಾಯನ ಪ್ರಯೋಗಾಲಯದತ್ತ ಕೈ ತೋರಿಸಿದರು. ಅಲ್ಲಿದ್ದವರು ಇಪ್ಪತ್ತಾರು ವರ್ಷ ಸರ್ವಿಸಾದ ಸಹಾಯಕಿ. ಕೈಯಲ್ಲಿ ಸದಾ ಬಾಟಲಿ ಇರುವುದರಿಂದ ಎಲ್ಲರಿಗೂ ಬಾಟಲಿ ಅಕ್ಕ. ಸ್ಯಾಂಪಲ್ ರಿಜಿಸ್ಟರನ್ನು ಮೇಜಿನ ಮೇಲೆ ತೆರೆದೇ ಇಟ್ಟಿದ್ದರು. ಅದೇ ಮೂವತ್ತೆಂಟು ಸಾಲು, ಅದೇ ಷರಾ.

"ಬನ್ನಿ ಸಾರ್. ಬೆಳಿಗ್ಗೆಯಿಂದ ಕಾಯ್ತಾ ಇದೀನಿ."

"ಪಾಸ್‌ವರ್ಡ್ ಯಾರು ಕೊಟ್ಟರು?"

"ಬೋರ್ಡ್ ಮೇಲೆ ಬರೆದಿದ್ರು, ದಪ್ಪ ಅಕ್ಷರದಲ್ಲಿ."

ರೈಟರಿಗೆ ಕೆಮ್ಮು ಬಂತು.

"ಪ್ರೊಫೆಸರಿಗೆ ಹೇಳಬಹುದಿತ್ತಲ್ಲಮ್ಮ?"

"ಮೂರು ಸಲ ಹೇಳ್ದೆ. ನೀನು ಬಾಟಲಿ ಸರಿಯಾಗಿ ತೊಳೆದಿಲ್ಲ ಅಂದ್ರು." ಆಕೆ ಎರಡೂ ಕೈ ಮುಂದೆ ಚಾಚಿದರು. "ಇಪ್ಪತ್ತಾರು ವರ್ಷ ಸಾರ್. ಆ್ಯಸಿಡ್‌ನಲ್ಲಿ ತೊಳೆದು ತೊಳೆದು ಬೆರಳ ಗೆರೆಯೇ ಸವೆದುಹೋಗಿದೆ."

2.45ಕ್ಕೆ ಪ್ರಯೋಗಾಲಯದಲ್ಲೇ ಪಂಚನಾಮೆ ಶುರುವಾಯಿತು. ಸೇರಿಸಿದ ಸಾಲುಗಳನ್ನೆಲ್ಲ ರೈಟರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆಯತೊಡಗಿದಾಗ ಪ್ರೊಫೆಸರ್ ಚಡಪಡಿಸಿದರು.

"ಅಂಕಿಗಳು ಬೇಕಾ? 'ಕೆಲವು ಸಾಲು' ಅಂದ್ರೆ ಸಾಲದಾ? ಬೇಕಾದ್ರೆ ದೂರು ವಾಪಸ್ ತಗೋತೀನಿ."

"ಎಫ್‌ಐಆರ್ ಆಗಿದೆ ಸಾರ್. ಕದ್ದ ಮಾಲಾದ್ರೆ ಒಂದೊಂದೂ ಬರೀತೀವಿ. ಸೇರಿಸಿದ ಮಾಲು ಬಿಡೋಕಾಗುತ್ತಾ? ಕೋರ್ಟು ಕೇಳುತ್ತೆ."

ಇನ್ಸ್‌ಪೆಕ್ಟರಿಗೆ ಆಗಲೇ ಅರ್ಥವಾಗಿತ್ತು. ಕಂಪ್ಯೂಟರಿನಿಂದ ಒರೆಸಿ ಹಾಕಿದ್ದನ್ನು ಆಕೆ ಪೊಲೀಸರ ಕೈಯಲ್ಲೇ ಬರೆಸುತ್ತಿದ್ದರು. ಬರೆಸಲಿ ಎನ್ನಿಸಿತು; ಒಳಗೊಳಗೇ ಖುಷಿಯೂ ಆಯಿತು.

ಪಂಚರು ಓದಿಯೇ ಸಹಿ ಮಾಡಬೇಕು. ಎಂಜಿನಿಯರ್ ಹದಿನೇಳನೇ ಸಾಲಿಗೆ ನಿಂತರು. "ಇದು ನಿಜವೇನಮ್ಮ?"

"ನೀವೇ ಬಂದು ನೀರು ಹಿಡೀರಿ. ಬಾಟಲಿ ನಾನು ಕೊಡ್ತೀನಿ. ನೀವೇ ತೊಳ್ಕೊಳ್ಳಿ."

ಎಂಜಿನಿಯರ್ ಪ್ರತಿ ಪುಟಕ್ಕೂ ಸಹಿ ಹಾಕಿದರು. ಆಮೇಲೆ, ನಗರಸಭೆಗೂ ಒಂದು ನಕಲು ಬೇಕೆಂದು ಲಿಖಿತವಾಗಿ ಕೇಳಿದರು.

3.40ಕ್ಕೆ ದಸ್ತಗಿರಿಯಾಯಿತು. ಬಾಟಲಿ ಅಕ್ಕ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ನಲ್ಲಿ ಬಿಗಿಯಾಗಿ ತಿರುಗಿಸಿ ಹೊರಟರು. ಠಾಣೆಯಲ್ಲಿ ಹೇಳಿಕೆ ಕೊಟ್ಟರು. ಆ ಓಣಿಯಲ್ಲಿ ಅವರ ತಂಗಿಯ ಮನೆಯಿದೆ. ತಂಗಿಯ ಮಗಳಿಗೆ ನಾಲ್ಕು ವರ್ಷ. ಇನ್ನೂ ಮಾತು ಬಂದಿಲ್ಲ; ಸೀಸ ಮೊದಲು ತಟ್ಟುವುದು ಮಕ್ಕಳ ಮಿದುಳಿಗೆ. ರಾತ್ರಿಯಿಡೀ ಪೈಪಿನಲ್ಲಿ ನಿಂತು ಸೀಸ ಇಳಿದ ಮೊದಲ ನೀರು ಹಿಡಿಯಲು ಹೋದಾಗ ಓಣಿಯ ಹೆಂಗಸರೆಲ್ಲ ಬೆಳಗಾಗುವ ಮೊದಲೇ ಎದ್ದು ಒಬ್ಬೊಬ್ಬರೂ ತಂತಮ್ಮ ನಲ್ಲಿಗೆ ಬಾಟಲಿ ಹಿಡಿದು ನಿಂತಿದ್ದರಂತೆ. ಬರೆದುಕೊಂಡಿದ್ದೀನಿ, ಇನ್ನು ಪೈಪು ಬದಲಾಗುತ್ತೆ ಎಂದು ಅವರಿಗೆ ಮಾತು ಕೊಟ್ಟು ಬಂದಿದ್ದರು.

"ತಪ್ಪಾಯ್ತು ಅಂತ ಕೊನೆಗೆ ಒಂದು ಸಾಲು ಹಾಕ್ಲಾ? ಕೋರ್ಟಿನಲ್ಲಿ ಅನುಕೂಲ ಆಗುತ್ತೆ," ರೈಟರು ಮೆಲ್ಲಗೆ ಕೇಳಿದರು.

"ಮಾಡಿದೆ ಅಂತ ಬರೀರಿ. ತಪ್ಪು ಅಂತ ಬರೀಬೇಡಿ."

ರೈಟರು ಇನ್ಸ್‌ಪೆಕ್ಟರರ ಮುಖ ನೋಡಿದರು.

"ಅಕ್ಕ ಹೇಳಿದ ಹಾಗೇ ಬರೀರಿ," ಎಂದರು ಇನ್ಸ್‌ಪೆಕ್ಟರ್.